ವಿಳಾಸ ಕೊಡುವುದೋ, ದಾರಿ ಹೇಳುವುದೋ: ವೆಬ್ ಲಿಂಕುಗಳ ಬಗ್ಗೆ ಒಂದು ಉಪನ್ಯಾಸ

(ಬಳ್ಳಾರಿಯಲ್ಲಿ ಪದವಿ ವಿದ್ಯಾರ್ಥಿಗಳಿಗೂ ಶಾಲೆಗಳ ಜಾಲತಾಣ ನೋಡಿಕೊಳ್ಳುವ ಶಿಕ್ಷಕರಿಗೂ ನೀಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಫೋಲ್ಡರು, ಫೈಲುಗಳ ಹೆಸರನ್ನು ಇಲ್ಲಿ ಕನ್ನಡದಲ್ಲಿ ಬರೆದಿದೆ. ಹೆಸರಿನ ಕೊನೆಗೆ ಬರುವ ಡಾಟ್ ಎಚ್‌ಟಿಎಂಎಲ್ ಬಾಲವನ್ನು ಓದಿಗೆ ತೊಡಕಾಗಬಾರದೆಂದು ಬಿಟ್ಟಿದೆ.)

ಕೌಲ್ ಬಜಾರಿನ ಒಂದು ಮನೆಗೆ ಯಾರನ್ನಾದರೂ ಕಳಿಸಬೇಕು ಅಂದುಕೊಳ್ಳಿ. ಮನೆ ನಂಬರು, ಓಣಿ, ಬಡಾವಣೆ, ಊರು, ಪಿನ್ ಕೋಡ್ ಎಲ್ಲ ಬರೆದ ಚೀಟಿ ಕೊಡಬಹುದು. ಇಲ್ಲವೇ ಎದುರಿಗೆ ನಿಂತವರಿಗೆ, "ಇಲ್ಲಿಂದ ಸೀದಾ ಹೋಗ್ರಿ, ಎರಡನೇ ಓಣ್ಯಾಗ ಎಡಕ್ಕ ತಿರುಗ್ರಿ, ಮೂರನೇ ಮನಿ" ಅಂದರೂ ಆಯಿತು. ಚೀಟಿಯನ್ನು ರಾಯಚೂರಿನಲ್ಲಿ ಓದಿದರೂ ದೆಹಲಿಯಲ್ಲಿ ಓದಿದರೂ ಅದು ತೋರಿಸುವುದು ಅದೇ ಮನೆಯನ್ನು. ಬಾಯಿಮಾತಿನ ದಾರಿಗೆ ಆ ಗುಣವಿಲ್ಲ. ಅದೇ ಮಾತನ್ನು ಕೊಪ್ಪಳದಲ್ಲಿ ನಿಂತವರು ಪಾಲಿಸಿದರೆ ಕೊಪ್ಪಳದ ಯಾವುದೋ ಓಣಿಯ ಮೂರನೇ ಮನೆಯ ಬಾಗಿಲು ತಟ್ಟುತ್ತಾರೆ. ಮಾತು ಬದಲಾಗಿಲ್ಲ, 'ಇಲ್ಲಿಂದ' ಎಂಬುದು ಬದಲಾಗಿದೆ.

ಅಬ್ಸಲ್ಯೂಟ್ ಲಿಂಕ್ ಎಂದರೆ ಆ ಚೀಟಿ. ರಿಲೇಟಿವ್ ಲಿಂಕ್ ಎಂದರೆ ಆ ಬಾಯಿಮಾತು. ಲಿಂಕಿನ ಬಗ್ಗೆ ಜನ ಕೇಳುವ ಬಹುಪಾಲು ಪ್ರಶ್ನೆಗಳಿಗೆ ಉತ್ತರ ಒಂದೇ ವಿಚಾರಣೆಯಲ್ಲಿದೆ: ಈ ಮಾತನ್ನು ಓದುವ ಹೊತ್ತಿಗೆ ಬ್ರೌಸರ್ ಎಲ್ಲಿ ನಿಂತಿರುತ್ತದೆ? ಅದು ನಿಂತ ಜಾಗಕ್ಕೆ 'ಬೇಸ್' ಎನ್ನುತ್ತಾರೆ. ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ಉದಾಹರಣೆಗೆ ತಾಲೂಕುವಾರು ಬೆಳೆ ಮಾಹಿತಿ ಕೊಡುವ ಒಂದು ತಾಣವಿದೆ ಎಂದಿಟ್ಟುಕೊಳ್ಳೋಣ. ಅದರ ಒಂದು ಪುಟದ ಪೂರ್ತಿ ವಿಳಾಸ ಹೀಗಿದೆ:

ಎಚ್‌ಟಿಟಿಪಿಎಸ್://ಉದಾಹರಣೆ.ಭಾರತ/ಬಳ್ಳಾರಿ/ಸಿರುಗುಪ್ಪ/ಭತ್ತ

ಮೊದಲ ತುಂಡು ಹೋಗುವ ಬಗೆ, ಅಂದರೆ ಯಾವ ಗಾಡಿಯಲ್ಲಿ ಎಂಬುದು. ಎರಡನೆಯದು ಊರು, ವೆಬ್ಬಿನಲ್ಲಿ ಅದಕ್ಕೆ ಡೊಮೈನ್ ಎನ್ನುತ್ತೇವೆ. ಆಮೇಲಿನವು ಬಡಾವಣೆ, ಓಣಿ; ಕೊನೆಯದು ಮನೆ. ಓರೆಗೆರೆಯಿಂದ ಮುಗಿಯುವುದೆಲ್ಲ ಓಣಿ, ಓರೆಗೆರೆಯಿಲ್ಲದೆ ಕೊನೆಗೆ ನಿಂತದ್ದು ಮನೆ. ಈ ಒಂದು ವಾಕ್ಯವನ್ನು ನೆನಪಿಟ್ಟುಕೊಳ್ಳಿ, ಸ್ವಲ್ಪ ಹೊತ್ತಿಗೆ ಬೇಕಾಗುತ್ತದೆ.

ಭತ್ತದ ಪುಟದಲ್ಲಿ ನಿಂತು ಬರೆಯಬಹುದಾದ ಲಿಂಕುಗಳನ್ನು ನೋಡೋಣ. ಬರೀ 'ಮಣ್ಣು' ಎಂದು ಬರೆದರೆ ಅದೇ ಓಣಿಯ ಇನ್ನೊಂದು ಮನೆ: /ಬಳ್ಳಾರಿ/ಸಿರುಗುಪ್ಪ/ಮಣ್ಣು. './ಮಣ್ಣು' ಎಂದರೂ ಅದೇ. ಒಂದು ಚುಕ್ಕೆ 'ಈ ಓಣಿ' ಎಂಬ ಅರ್ಥ ಕೊಡುತ್ತದೆ. ಎರಡು ಚುಕ್ಕೆ ಎಂದರೆ 'ಈ ಓಣಿಯಿಂದ ಹೊರಗೆ ಬಾ'. ಹಾಗಾಗಿ '../ಸಂಡೂರು/ಮಣ್ಣು' ಎಂದರೆ ಸಿರುಗುಪ್ಪದ ಓಣಿ ಬಿಟ್ಟು ಬಳ್ಳಾರಿ ಬಡಾವಣೆಗೆ ಬಂದು, ಸಂಡೂರಿನ ಓಣಿ ಹೊಕ್ಕು, ಮಣ್ಣು ಎಂಬ ಮನೆಗೆ ಹೋಗು ಎಂದು. '../../ಚಿತ್ರ/ಗದ್ದೆ' ಎಂದರೆ ಎರಡು ಸಲ ಹೊರಗೆ ಬಂದು ಊರ ಬಾಗಿಲಿನ ಚಿತ್ರ ಫೋಲ್ಡರಿಗೆ ಹೋಗು ಎಂದು.

ಇನ್ನೊಂದು ಬಗೆಯುಂಟು: '/ಚಿತ್ರ/ಗದ್ದೆ'. ಮೊದಲಲ್ಲೇ ಓರೆಗೆರೆ ಬಂದರೆ 'ಊರಿನ ಬಸ್ ಸ್ಟ್ಯಾಂಡಿಗೆ ಹೋಗಿ ಅಲ್ಲಿಂದ ಶುರು ಮಾಡು' ಎಂದರ್ಥ. ನೀವು ಊರಿನ ಯಾವ ಮೂಲೆಯಲ್ಲಿದ್ದರೂ ಬಸ್ ಸ್ಟ್ಯಾಂಡ್ ಒಂದೇ, ಆದ್ದರಿಂದ ದಾರಿ ತಪ್ಪುವುದಿಲ್ಲ. ಆದರೆ ಪ್ರತಿ ಊರಿಗೂ ಅದರದೇ ಬಸ್ ಸ್ಟ್ಯಾಂಡ್ ಇರುತ್ತದೆ, ಇದು ಮುಖ್ಯ. ಇದೂ ರಿಲೇಟಿವ್ ಲಿಂಕೇ, ಊರಿಗೆ ರಿಲೇಟಿವ್. ಅನೇಕರು ಇದನ್ನು ಅಬ್ಸಲ್ಯೂಟ್ ಎಂದು ಕರೆದು ಗೊಂದಲ ಮಾಡಿಕೊಳ್ಳುತ್ತಾರೆ.

ಎರಡು ಓರೆಗೆರೆಯಿಂದ ಶುರುವಾಗುವ '//ಉದಾಹರಣೆ.ಭಾರತ/ಚಿತ್ರ' ಎಂಬುದು ಗಾಡಿಯನ್ನು ಮಾತ್ರ ಹಿಂದಿನದನ್ನೇ ಇಟ್ಟುಕೊಳ್ಳುತ್ತದೆ. ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್ ಎರಡೂ ಬಳಕೆಯಲ್ಲಿದ್ದ ಕಾಲದಲ್ಲಿ ಅದು ಕೆಲಸಕ್ಕೆ ಬಂತು. ಈಗ ನೇರವಾಗಿ ಎಚ್‌ಟಿಟಿಪಿಎಸ್ ಬರೆಯಿರಿ. '#ಕೊಯ್ಲು' ಎಂಬುದು ಅದೇ ಮನೆಯ ಇನ್ನೊಂದು ಕೋಣೆ. ಅದನ್ನು ಬ್ರೌಸರ್ ತಾನೇ ಹುಡುಕಿಕೊಳ್ಳುತ್ತದೆ, ಸರ್ವರಿಗೆ, ಅಂದರೆ ಪುಟಗಳನ್ನು ಇಟ್ಟುಕೊಂಡು ಕೇಳಿದಾಗ ಕೊಡುವ ಕಂಪ್ಯೂಟರಿಗೆ, ಕಳಿಸುವುದೇ ಇಲ್ಲ.

ಈಗ ಬ್ರೌಸರ್ ಒಳಗೆ ಏನು ಮಾಡುತ್ತದೆ ನೋಡಿ. ನಮ್ಮ ಹೋಲಿಕೆ ಒಂದು ಕಡೆ ಸೋಲುವುದು ಇಲ್ಲಿಯೇ. ಮನುಷ್ಯ ನಡೆದುಕೊಂಡು ಹೋಗುತ್ತಾನೆ, ಓಣಿ ಸಿಗದಿದ್ದರೆ ಅಂಗಡಿಯವರನ್ನು ಕೇಳುತ್ತಾನೆ. ಬ್ರೌಸರ್ ನಡೆಯುವುದೂ ಇಲ್ಲ, ಕೇಳುವುದೂ ಇಲ್ಲ. ಅದು ಕೂತಲ್ಲೇ ಅಕ್ಷರಗಳನ್ನು ಕತ್ತರಿಸಿ ಅಂಟಿಸಿ ಪೂರ್ತಿ ವಿಳಾಸ ತಯಾರು ಮಾಡಿ, ಆಮೇಲಷ್ಟೇ ಸರ್ವರಿನ ಹತ್ತಿರ ಹೋಗುತ್ತದೆ. ದಾರಿಯ ಮಧ್ಯದ ಫೋಲ್ಡರುಗಳು ನಿಜವಾಗಿ ಇವೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಈ ಲೆಕ್ಕದ ನಿಯಮಗಳನ್ನು ರಾಯ್ ಫೀಲ್ಡಿಂಗ್ 1995ರ ಜೂನ್‌ನಲ್ಲಿ ಆರ್‌ಎಫ್‌ಸಿ 1808 ಎಂಬ ಇಂಟರ್ನೆಟ್ ನಿಯಮಗಳ ದಾಖಲೆಯಲ್ಲಿ ಬರೆದಿಟ್ಟರು. ಈಗ ಆಧಾರವಾಗಿರುವುದು 2005ರ ಜನವರಿಯ ಆರ್‌ಎಫ್‌ಸಿ 3986. ಅದನ್ನು ಟಿಮ್ ಬರ್ನರ್ಸ್-ಲೀ, ಫೀಲ್ಡಿಂಗ್, ಲ್ಯಾರಿ ಮ್ಯಾಸಿಂಟರ್ ಸೇರಿ ಬರೆದರು. ಅದರ ಐದನೇ ಅಧ್ಯಾಯದಲ್ಲಿ ಹತ್ತಾರು ಉದಾಹರಣೆಗಳಿವೆ. ಅವನ್ನು ಪೆನ್ನು ಹಿಡಿದು ಒಂದೊಂದಾಗಿ ಬಿಡಿಸಿದವರಿಗೆ ಈ ವಿಷಯ ಮತ್ತೆ ಮರೆಯುವುದಿಲ್ಲ.

ಲೆಕ್ಕ ಸರಳ. ನಿಂತ ಪುಟದ ವಿಳಾಸ ತೆಗೆದುಕೊಳ್ಳಿ. ಪ್ರಶ್ನೆ ಚಿಹ್ನೆ ಮತ್ತು ಹ್ಯಾಷ್‌ನಿಂದ ಆಚೆಗಿನದನ್ನು ತೆಗೆದುಹಾಕಿ. ಕೊನೆಯ ಓರೆಗೆರೆಯ ನಂತರದ ಅಕ್ಷರಗಳನ್ನೂ ಕತ್ತರಿಸಿ. ಉಳಿದದ್ದಕ್ಕೆ ಲಿಂಕನ್ನು ಅಂಟಿಸಿ. ನಮ್ಮ ಉದಾಹರಣೆಯಲ್ಲಿ ಆಗ ಸಿಗುವುದು /ಬಳ್ಳಾರಿ/ಸಿರುಗುಪ್ಪ/../ಸಂಡೂರು/ಮಣ್ಣು. ಇನ್ನು ಪ್ರತಿ ಜೋಡಿ ಚುಕ್ಕೆಯೂ ತನ್ನ ಎಡಗಡೆಯ ಒಂದು ಹೆಸರನ್ನು ಹೊಡೆದು ತಾನೂ ಅಳಿಯುತ್ತದೆ: /ಬಳ್ಳಾರಿ/ಸಂಡೂರು/ಮಣ್ಣು. ಹೊಡೆಯಲು ಎಡಗಡೆ ಏನೂ ಉಳಿಯದಿದ್ದರೆ? ಆ ಚುಕ್ಕೆಗಳು ಸುಮ್ಮನೆ ಬಿದ್ದುಹೋಗುತ್ತವೆ. ತಪ್ಪು ಎಂದು ಯಾರೂ ಹೇಳುವುದಿಲ್ಲ. ಎರಡು ಸಾಕಾದಲ್ಲಿ ನಾಲ್ಕು ಜೋಡಿ ಚುಕ್ಕೆ ಹಾಕಿದರೂ ಚಿತ್ರ ಕಾಣಿಸುತ್ತದೆ. ತಾಣವನ್ನು ಒಂದು ಒಳಫೋಲ್ಡರಿಗೆ ಸಾಗಿಸಿದ ದಿನ ಆ ಹೆಚ್ಚುವರಿ ಚುಕ್ಕೆಗಳು ಜೀವ ಪಡೆದು, ನಿಮ್ಮ ಫೋಲ್ಡರಿನಿಂದಲೇ ಹೊರಗೆ ಕರೆದೊಯ್ಯುತ್ತವೆ. ವರ್ಷಗಟ್ಟಲೆ ಸರಿಯಿದ್ದ ಪುಟ ಅವತ್ತು ಕೆಡುವುದು ಇದಕ್ಕೇ.

ಕೊನೆಯ ಓರೆಗೆರೆಯ ಸಂಗತಿ ಈಗ ಹೇಳಬಹುದು. ವಿಳಾಸ /ಬಳ್ಳಾರಿ/ಸಿರುಗುಪ್ಪ/ ಎಂದಿದ್ದರೆ ಸಿರುಗುಪ್ಪ ಒಂದು ಓಣಿ. ಅಲ್ಲಿ 'ಭತ್ತ' ಎಂದು ಬರೆದರೆ ಸಿಗುವುದು ಸಿರುಗುಪ್ಪದ ಭತ್ತ. ಕೊನೆಯ ಗೆರೆ ಬಿಟ್ಟು /ಬಳ್ಳಾರಿ/ಸಿರುಗುಪ್ಪ ಎಂದಿದ್ದರೆ, ಬ್ರೌಸರಿನ ಲೆಕ್ಕದಲ್ಲಿ ಸಿರುಗುಪ್ಪ ಎಂಬುದು ಬಳ್ಳಾರಿ ಓಣಿಯ ಒಂದು ಮನೆ. ಕತ್ತರಿ ಬಿದ್ದಾಗ ಸಿರುಗುಪ್ಪವೇ ಹೋಗಿ, ಲಿಂಕು /ಬಳ್ಳಾರಿ/ಭತ್ತ ಆಗುತ್ತದೆ. ನಿಜವಾದ ಫೋಲ್ಡರ್ ಆಗಿದ್ದರೆ ಸಾಮಾನ್ಯವಾಗಿ ಸರ್ವರ್ ತಾನೇ ಗೆರೆ ಸೇರಿಸಿದ ವಿಳಾಸಕ್ಕೆ ಕಳಿಸುತ್ತದೆ. ಪುಟಗಳನ್ನು ಪ್ರೋಗ್ರಾಂ ಹುಟ್ಟಿಸುವ ತಾಣಗಳಲ್ಲಿ ಎಷ್ಟೋ ಸಲ ಎರಡೂ ರೂಪ ತೆರೆಯುತ್ತವೆ, ಒಂದರಲ್ಲಿ ಚಿತ್ರ ಕಾಣುತ್ತದೆ, ಇನ್ನೊಂದರಲ್ಲಿ ಇಲ್ಲ. 'ನನ್ನ ಫೋನಿನಲ್ಲಿ ಬರ್ತದೆ, ಅವರದ್ರಲ್ಲಿ ಬರಲ್ಲ' ಎಂಬ ದೂರು ಬಂದಾಗ ಮೊದಲು ನೋಡಬೇಕಾದ್ದು ಇಬ್ಬರ ಬ್ರೌಸರಿನ ಮೇಲ್ಗಡೆ ವಿಳಾಸ ಕಾಣುವ ವಿಳಾಸಪಟ್ಟಿಯ ಕೊನೆಯ ಅಕ್ಷರವನ್ನು. ಪರಿಹಾರ: ಒಂದು ರೂಪವನ್ನು ಆರಿಸಿ, ಇನ್ನೊಂದರಿಂದ ಅದಕ್ಕೆ 301 ರೀಡೈರೆಕ್ಟ್, ಅಂದರೆ ಬಂದವರನ್ನು ಕಾಯಂ ಆಗಿ ಬೇರೆ ವಿಳಾಸಕ್ಕೆ ಕಳಿಸುವ ಸೂಚನೆ, ಹಾಕಿ.

ಈ ಭಾಗದ ಭೂಪಟವೇ ನಮಗೊಂದು ಒಳ್ಳೆಯ ಪಾಠ ಕೊಟ್ಟಿದೆ. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರ ಜಿಲ್ಲೆಯಾಯಿತು. ಹೊಸಪೇಟೆ, ಕೂಡ್ಲಿಗಿ ಆ ಕಡೆ ಹೋದವು. ಸಂಡೂರು, ಸಿರುಗುಪ್ಪ ಈ ಕಡೆ ಉಳಿದವು. ನಮ್ಮ ತಾಣದಲ್ಲೂ ಹೊಸಪೇಟೆ ಮತ್ತು ಕೂಡ್ಲಿಗಿ ಫೋಲ್ಡರುಗಳನ್ನು 'ಬಳ್ಳಾರಿ'ಯಿಂದ ಎತ್ತಿ 'ವಿಜಯನಗರ'ಕ್ಕೆ ಇಟ್ಟೆವು ಎನ್ನಿ. ಒಳಗಿನ ಲಿಂಕುಗಳ ಗತಿ ಏನು?

ಹೊಸಪೇಟೆಯ 'ಕಬ್ಬು' ಪುಟದಿಂದ 'ಬಾಳೆ' ಪುಟಕ್ಕೆ ಬರೀ 'ಬಾಳೆ' ಎಂದು ಬರೆದಿದ್ದರೆ ಅದಕ್ಕೆ ಏನೂ ಆಗಿಲ್ಲ, ಓಣಿಗೆ ಓಣಿಯೇ ಸಾಗಿದೆ. '../../ಚಿತ್ರ/ಗದ್ದೆ' ಸಹ ಸರಿಯಿದೆ, ಆಳ ಮೊದಲಿನಷ್ಟೇ ಇರುವುದರಿಂದ. ಕೂಡ್ಲಿಗಿಯಿಂದ '../ಹೊಸಪೇಟೆ/ಕಬ್ಬು' ಎಂದಿದ್ದದ್ದೂ ಉಳಿಯಿತು, ಎರಡೂ ಜೊತೆಗೇ ಹೊರಟವಲ್ಲ. ಆದರೆ ಹೊಸಪೇಟೆಯಿಂದ '../ಸಂಡೂರು/ಮಣ್ಣು' ಎಂದಿದ್ದದ್ದು ಕೆಟ್ಟಿತು. ಅದು ಈಗ ವಿಜಯನಗರದಲ್ಲಿ ಸಂಡೂರನ್ನು ಹುಡುಕುತ್ತದೆ. ಅದನ್ನೇ '/ಬಳ್ಳಾರಿ/ಸಂಡೂರು/ಮಣ್ಣು' ಎಂದು ಬಸ್ ಸ್ಟ್ಯಾಂಡಿನಿಂದ ಬರೆದಿದ್ದರೆ ಉಳಿಯುತ್ತಿತ್ತು. ಮತ್ತೆ, ಹೊರಗಿನವರು ತಮ್ಮ ಪುಟಗಳಲ್ಲಿ ಬರೆದಿಟ್ಟ /ಬಳ್ಳಾರಿ/ಹೊಸಪೇಟೆ/ಕಬ್ಬು ಎಂಬ ಪೂರ್ತಿ ವಿಳಾಸವೂ ಕೆಟ್ಟಿತು. ಅದನ್ನು ನಾವು ತಿದ್ದಲಾರೆವು. ಹಳೆಯ ವಿಳಾಸದಲ್ಲಿ 301 ಎಂಬ 'ಮನೆ ಬದಲಾಗಿದೆ' ಫಲಕ ಹಾಕುವುದೊಂದೇ ದಾರಿ. 302 ಹಾಕಬೇಡಿ, ಅದು ತಾತ್ಕಾಲಿಕ ಎನ್ನುತ್ತದೆ.

ಜೊತೆಗೆ ಸಾಗುವ ಪುಟಗಳ ನಡುವೆ ಓಣಿಯ ದಾರಿ, ಬೇರೆ ಬೇರೆ ಸಾಗಬಹುದಾದವುಗಳ ನಡುವೆ ಬಸ್ ಸ್ಟ್ಯಾಂಡಿನ ದಾರಿ: ನಾವು ಪಾಲಿಸುವ ಪದ್ಧತಿ ಇದು. ಇದಕ್ಕಿಂತ ಮುಂಚಿನ ಒಂದು ಸಲಹೆಯೂ ಇದೆ. ಬದಲಾಗುವ ಸಂಗತಿಯನ್ನು ವಿಳಾಸದಲ್ಲಿ ಸೇರಿಸಲೇಬೇಡಿ. ಹರಪನಹಳ್ಳಿ ತಾಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, ಈಗ ವಿಜಯನಗರದಲ್ಲಿದೆ. ಊರು ಇದ್ದಲ್ಲೇ ಇದೆ. ವಿಳಾಸವನ್ನು ನೇರ /ಹರಪನಹಳ್ಳಿ/ ಎಂದು ಇಟ್ಟುಕೊಂಡವರಿಗೆ ಯಾವ ಆದೇಶ ಬಂದರೂ ಫೋಲ್ಡರ್ ಎತ್ತಿಡುವ ಕೆಲಸವಿಲ್ಲ. ಅಂಚೆ ಇಲಾಖೆ ಮಾಡಿರುವುದೂ ಇದನ್ನೇ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡ್ ಅಂಚೆಯ ವಿಂಗಡಣೆಗೆ ಅಂಟಿಕೊಂಡಿದೆ, ಕಂದಾಯ ಜಿಲ್ಲೆಗಲ್ಲ. ಬಳ್ಳಾರಿ 583101, ಹೊಸಪೇಟೆ 583201, ಕೊಪ್ಪಳ 583231: ಮೂರು ಜಿಲ್ಲೆ, ಮೊದಲ ಮೂರಂಕಿ ಒಂದೇ. ಜಿಲ್ಲೆ ಒಡೆದರೂ ಹೊಸಪೇಟೆಯ ಪಿನ್ ಬದಲಾಗಲಿಲ್ಲ.

ಇನ್ನು ನಿಂತ ಜಾಗವನ್ನೇ ತಪ್ಪಾಗಿ ತಿಳಿಯುವ ಪ್ರಸಂಗಗಳು. ಶೈಲಿ ಫೈಲಿನ ಒಳಗೆ, ಅಂದರೆ ಸಿಎಸ್‌ಎಸ್‌ನಲ್ಲಿ, ಹಿನ್ನೆಲೆ ಚಿತ್ರದ ದಾರಿ ಬರೆಯುತ್ತೀರಿ. ಅಲ್ಲಿ 'ಇಲ್ಲಿಂದ' ಎಂದರೆ ಆ ಶೈಲಿ ಫೈಲು ಇರುವ ಜಾಗ, ಅದನ್ನು ಬಳಸುವ ಪುಟವಲ್ಲ. ಶೈಲಿ ಫೋಲ್ಡರಿನಲ್ಲಿರುವ ಫೈಲಿಗೆ ಯಾವಾಗಲೂ '../ಚಿತ್ರ/ಗದ್ದೆ', ಪುಟ ಎಷ್ಟೇ ಆಳದಲ್ಲಿರಲಿ. ಪುಟದೊಳಗೆ ಓಡುವ ಪ್ರೋಗ್ರಾಂ ಭಾಷೆಯಾದ ಜಾವಾಸ್ಕ್ರಿಪ್ಟ್ ಇದಕ್ಕೆ ಉಲ್ಟಾ. ಸ್ಕ್ರಿಪ್ಟಿನೊಳಗೆ ಫೆಚ್ ಮಾಡುವಾಗ, ಅಂದರೆ ಮಾಹಿತಿ ತರಿಸಿಕೊಳ್ಳುವಾಗ, 'ಇಲ್ಲಿಂದ' ಎಂದರೆ ಪುಟ ಇರುವ ಜಾಗ, ಸ್ಕ್ರಿಪ್ಟ್ ಫೈಲು ಎಲ್ಲಿದ್ದರೂ ಸರಿಯೆ. ಮಾಡ್ಯೂಲುಗಳ ಇಂಪೋರ್ಟ್, ಅಂದರೆ ಒಂದು ಸ್ಕ್ರಿಪ್ಟ್ ಫೈಲು ಇನ್ನೊಂದನ್ನು ಸೇರಿಸಿಕೊಳ್ಳುವುದು, ಮಾತ್ರ ಮತ್ತೆ ಆ ಮಾಡ್ಯೂಲ್ ಫೈಲಿನಿಂದ. ಮುಖಪುಟದಲ್ಲಿ ಓಡಿದ ಸ್ಕ್ರಿಪ್ಟ್ ಒಳಪುಟಗಳಲ್ಲಿ ಮಾಹಿತಿ ತರದೆ ನಿಂತರೆ ಕಾರಣ ಬಹುತೇಕ ಇದೇ.

'ಬೇಸ್' ಎಂಬ ಟ್ಯಾಗ್ ಒಂದಿದೆ. 'ನೀನು ಎಲ್ಲೇ ಇರು, ಬಳ್ಳಾರಿಯಲ್ಲಿ ನಿಂತಿದ್ದೀಯ ಅಂತ ತಿಳಿ' ಎಂದು ಬ್ರೌಸರಿಗೆ ಹೇಳುವುದು ಅದು. ಪುಟದಲ್ಲಿ ಮೊದಲು ಬಂದ ಒಂದಕ್ಕೆ ಮಾತ್ರ ಬೆಲೆ, ಮತ್ತು ಬೇರೆ ಲಿಂಕುಗಳಿಗಿಂತ ಮೇಲೆ ಇರಬೇಕು. ಅದನ್ನು ಹಾಕಿದೊಡನೆ ಹ್ಯಾಷ್ ಲಿಂಕುಗಳೂ ಅದರ ಪಾಲಾಗುತ್ತವೆ: '#ಕೊಯ್ಲು' ಒತ್ತಿದವರು ಪುಟದೊಳಗೆ ಇಳಿಯುವ ಬದಲು ಬೇಸ್ ಹೇಳಿದ ಪುಟಕ್ಕೆ ಹೋಗುತ್ತಾರೆ. ತೀರಾ ಅಗತ್ಯವಿಲ್ಲದಿದ್ದರೆ ಅದನ್ನು ಮುಟ್ಟದಿರುವುದು ಒಳ್ಳೆಯದು.

ಹೊಸಬರು ಮಾಡುವ ತಪ್ಪುಗಳಲ್ಲಿ ತುಂಬಾ ಸಾಮಾನ್ಯವಾದದ್ದು ಎಚ್‌ಟಿಟಿಪಿಎಸ್ ಬಿಟ್ಟು, ಬರೀ 'ಉದಾಹರಣೆ.ಭಾರತ' ಎಂದು ಲಿಂಕಿನಲ್ಲಿ ಬರೆಯುವುದು. ವಿಳಾಸಪಟ್ಟಿಯಲ್ಲಿ ಟೈಪ್ ಮಾಡಿದರೆ ಬ್ರೌಸರ್ ಮುಂದಿನದನ್ನು ತಾನೇ ಸೇರಿಸುತ್ತದೆ, ಹಾಗಾಗಿ ಲಿಂಕಿನಲ್ಲೂ ನಡೆಯುತ್ತದೆ ಅನ್ನಿಸುತ್ತದೆ. ನಡೆಯುವುದಿಲ್ಲ. ಲಿಂಕಿನಲ್ಲಿ ಅದು ಇದೇ ಓಣಿಯ, 'ಉದಾಹರಣೆ.ಭಾರತ' ಎಂಬ ಹೆಸರಿನ ಮನೆ. 404, ಅಂದರೆ 'ಪುಟ ಸಿಗಲಿಲ್ಲ' ಎಂಬ ಉತ್ತರ, ಬಂದಾಗ ವಿಳಾಸದಲ್ಲಿ ಡೊಮೈನ್ ಹೆಸರಿನ ಮುಂದೆ ಇನ್ನೊಂದು ಡೊಮೈನ್ ಹೆಸರು ಕಂಡರೆ ರೋಗ ಇದೇ ಎಂದು ತಿಳಿಯಿರಿ.

ಮನೆಯ ಕಂಪ್ಯೂಟರಿನಲ್ಲಿ ಸರಿಯಿದ್ದು ಸರ್ವರಿಗೆ ಹಾಕಿದಾಗ ಕೆಡುವುದಕ್ಕೆ ಬೇರೆ ಕಾರಣ. ವಿಂಡೋಸ್ ಫೈಲಿನ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಎಂದು ಭೇದ ಮಾಡುವುದಿಲ್ಲ. ಸರ್ವರಿನಲ್ಲಿರುವ ಲಿನಕ್ಸ್ ಮಾಡುತ್ತದೆ. ಹೆಸರುಗಳನ್ನೆಲ್ಲ ಸಣ್ಣಕ್ಷರದಲ್ಲಿಡಿ, ಖಾಲಿ ಜಾಗದ ಬದಲು ಅಡ್ಡಗೆರೆ ಬಳಸಿ. ಖಾಲಿ ಜಾಗ ವಿಳಾಸದಲ್ಲಿ %20 ಆಗಿ ಕೂರುತ್ತದೆ. ಓರೆಗೆರೆಯೂ ವೆಬ್ಬಿನ ದಿಕ್ಕಿನದೇ ಇರಲಿ. ವಿಂಡೋಸಿನ ಹಿಮ್ಮುಖ ಗೆರೆಯನ್ನು ಬ್ರೌಸರುಗಳು ತಿದ್ದಿಕೊಂಡರೂ ಬೇರೆ ಪ್ರೋಗ್ರಾಂಗಳು ತಿದ್ದಿಕೊಳ್ಳುತ್ತವೆ ಎಂಬ ಭರವಸೆಯಿಲ್ಲ. ಇನ್ನು, ಫೈಲನ್ನು ನೇರ ಡಬಲ್ ಕ್ಲಿಕ್ ಮಾಡಿ ತೆರೆದರೆ '/ಚಿತ್ರ/ಗದ್ದೆ' ಎಂಬುದು ನಿಮ್ಮ ಡ್ರೈವಿನ ಬುಡದಲ್ಲಿ ಚಿತ್ರ ಫೋಲ್ಡರನ್ನು ಹುಡುಕುತ್ತದೆ, ಅಲ್ಲಿ ಅದಿಲ್ಲ. ಪರೀಕ್ಷೆಗೆ ಒಂದು ಪುಟ್ಟ ಸರ್ವರ್ ಓಡಿಸಿ. ಪೈಥಾನ್ ಜೊತೆಗೇ ಬರುವ ಎಚ್‌ಟಿಟಿಪಿ ಸರ್ವರ್ ಸಾಕು, ಅದು 8000ನೇ ಪೋರ್ಟಿನಲ್ಲಿ ತೆರೆಯುತ್ತದೆ.

ತಾಣ ಇಡಲು ಜಾಗ ಕೊಡುವ ಗಿಟ್‌ಹಬ್ ಪೇಜಸ್‌ನಲ್ಲಿ ಪ್ರಾಜೆಕ್ಟ್ ಹಾಕುವ ವಿದ್ಯಾರ್ಥಿಗಳು ಇದರ ಇನ್ನೊಂದು ಮುಖ ನೋಡಿರುತ್ತಾರೆ. ಅಲ್ಲಿ ನಿಮ್ಮ ತಾಣ ಊರಿನ ಬುಡದಲ್ಲಿಲ್ಲ, ಪ್ರಾಜೆಕ್ಟಿನ ಹೆಸರಿನ ಓಣಿಯಲ್ಲಿದೆ. ಮೊದಲಲ್ಲೇ ಓರೆಗೆರೆ ಇರುವ ಲಿಂಕುಗಳೆಲ್ಲ ಆ ಓಣಿಯನ್ನು ದಾಟಿ ಬಸ್ ಸ್ಟ್ಯಾಂಡಿಗೆ ಓಡುತ್ತವೆ. ಶೈಲಿಯಿಲ್ಲದ ಬೋಳು ಪುಟ ಕಾಣುವುದು ಅದರಿಂದಲೇ.

ಕನ್ನಡದ ಹೆಸರುಗಳನ್ನೇ ವಿಳಾಸದಲ್ಲಿ ಇಡಬಹುದೇ ಎಂದು ಸಭೆಯಲ್ಲಿ ಕೇಳಿದರು. ಇಡಬಹುದು, ಡಾಟ್ ಭಾರತ ಎಂಬ ಕನ್ನಡ ಡೊಮೈನೂ ಇದೆ. ಆದರೆ ಫೈಲಿನ ದಾರಿಯಲ್ಲಿ ಪ್ರತಿ ಕನ್ನಡ ಸಂಕೇತವೂ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟ್, ಪ್ರತಿ ಬೈಟೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ. 'ಬಳ್ಳಾರಿ'ಯಲ್ಲಿ ಒತ್ತು, ಗುಣಿತ ಬಿಡಿಸಿದರೆ ಏಳು ಸಂಕೇತ. ನಕಲು ಮಾಡಿ ಅಂಟಿಸಿದಾಗ ಅದು 63 ಅಕ್ಷರಗಳ ಸಾಲಾಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. 'ಕೊಪ್ಪಳ'ದ 'ಕೊ'ದಲ್ಲಿರುವ ಒ-ಕಾರವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ, ಎ-ಕಾರ ಮತ್ತು ಊ-ಕಾರದ ಎರಡು ಚಿಹ್ನೆಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಸರ್ವರಿಗೆ ಬೇರೆ ಬೇರೆ. ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಅಂಥ ಕಂಪ್ಯೂಟರಿನಿಂದ ಸರ್ವರಿಗೆ ಹೋದ 'ಕೊಪ್ಪಳ' ಫೋಲ್ಡರಿಗೆ ಕೀಲಿಮಣೆಯಿಂದ ಟೈಪ್ ಮಾಡಿದ ಲಿಂಕು ತಲುಪದಿರಬಹುದು. ಪುಟದ ಶೀರ್ಷಿಕೆ, ಬರಹ ಎಲ್ಲ ಕನ್ನಡದಲ್ಲೇ ಇರಬೇಕು, ಅದರಲ್ಲಿ ರಾಜಿ ಬೇಡ. ಫೈಲಿನ ಹೆಸರನ್ನು ಮಾತ್ರ ಸದ್ಯಕ್ಕೆ ಇಂಗ್ಲಿಷ್ ಸಣ್ಣಕ್ಷರದಲ್ಲಿಡಿ ಎಂಬುದು ನಮ್ಮ ಸಲಹೆ.

ತಾಣದಿಂದ ಹೊರಗೆ ಹೋಗುವ ಯಾವುದಕ್ಕೂ ಪೂರ್ತಿ ವಿಳಾಸವೇ ಬೇಕು. ಇಮೇಲ್, ಪಿಡಿಎಫ್, ಗೋಡೆಗೆ ಅಂಟಿಸುವ ಕ್ಯೂಆರ್ ಕೋಡ್, ಸರ್ಚ್ ಎಂಜಿನ್ನಿಗೆ ಕೊಡುವ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್, ಪುಟದ ಅಧಿಕೃತ ವಿಳಾಸ ಹೇಳುವ ಕ್ಯಾನೊನಿಕಲ್ ಟ್ಯಾಗ್, ವಾಟ್ಸ್ಆ್ಯಪ್‌ನಲ್ಲಿ ಹಂಚಿದಾಗ ಕಾಣುವ ಚಿತ್ರದ ಓಪನ್ ಗ್ರಾಫ್ ಟ್ಯಾಗ್: ಇಲ್ಲೆಲ್ಲ ಓದುವವರು ನಿಮ್ಮ ಊರಿನಲ್ಲಿ ನಿಂತಿರುವುದಿಲ್ಲ.

ಇಂಟರ್ನೆಟ್ ಸರಿಯಿಲ್ಲದ ಶಾಲೆಗೆ ಪೆನ್‌ಡ್ರೈವಿನಲ್ಲಿ ಪಾಠ ಕೊಡುವವರಿಗೆ ಇದರ ತದ್ವಿರುದ್ಧ. ಅಲ್ಲಿ ಊರೂ ಇಲ್ಲ, ಬಸ್ ಸ್ಟ್ಯಾಂಡೂ ಇಲ್ಲ. ಓಣಿಯ ದಾರಿ ಮಾತ್ರ ನಡೆಯುತ್ತದೆ. '../ಸಿರುಗುಪ್ಪ/' ಎಂದು ಫೋಲ್ಡರಿಗೆ ಲಿಂಕು ಕೊಟ್ಟರೆ ಒಳಗಿನ ಇಂಡೆಕ್ಸ್ ಪುಟ ತೆರೆಯುವುದಿಲ್ಲ, ಫೈಲುಗಳ ಪಟ್ಟಿ ತೆರೆಯುತ್ತದೆ, ಏಕೆಂದರೆ ಇಂಡೆಕ್ಸ್ ಹುಡುಕಿಕೊಡುವುದು ಸರ್ವರಿನ ಕೆಲಸ. ಆ ಪುಟದ ಹೆಸರನ್ನು ಪೂರ್ತಿ ಬರೆಯಿರಿ. ಇರುವ ತಾಣವನ್ನೇ ಇಳಿಸಿಕೊಳ್ಳುವುದಾದರೆ ಡಬ್ಲ್ಯುಗೆಟ್ ಎಂಬ ಇಳಿಸುವ ಪ್ರೋಗ್ರಾಂನಲ್ಲಿ ಲಿಂಕುಗಳನ್ನು ಪರಿವರ್ತಿಸುವ ಆಯ್ಕೆಯಿದೆ, ಇಳಿಸಿದ ಪುಟಗಳ ನಡುವಿನ ಲಿಂಕುಗಳನ್ನು ಅದೇ ಓಣಿಯ ದಾರಿಗೆ ತಿರುಗಿಸುತ್ತದೆ.

ಕೊನೆಯಲ್ಲಿ ಒಬ್ಬ ಶಿಕ್ಷಕರು ಕೇಳಿದ್ದು ಹಳೆಯ ತಾಣಗಳ ಬಗ್ಗೆ. 2014ರ ನವೆಂಬರ್ 1ರಿಂದ ಬಳ್ಳಾರಿಯ ಇಂಗ್ಲಿಷ್ ಕಾಗುಣಿತ ಬದಲಾಯಿತು, ಹಳೆಯ ಕಾಗುಣಿತದ ಡೊಮೈನ್ ಬಿಟ್ಟು ಹೊಸದಕ್ಕೆ ಹೋಗುವುದು ಹೇಗೆ, ತಾಣ ವರ್ಡ್‌ಪ್ರೆಸ್ ಎಂಬ ತಾಣ ಕಟ್ಟುವ ತಂತ್ರಾಂಶದಲ್ಲಿದೆ ಎಂದರು. ವರ್ಡ್‌ಪ್ರೆಸ್ ತಾನು ಸೇರಿಸುವ ಚಿತ್ರಗಳಿಗೆ ಪೂರ್ತಿ ವಿಳಾಸವನ್ನೇ ಡೇಟಾಬೇಸಿನಲ್ಲಿ ಬರೆದಿಡುತ್ತದೆ. ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿರುವ ಎರಡು ವಿಳಾಸಗಳನ್ನು ತಿದ್ದಿದರೆ ಸಾಲದು, ಬರಹಗಳ ಒಳಗೂ ಬದಲಾಗಬೇಕು. ಡೇಟಾಬೇಸಿನಲ್ಲಿ ನೇರವಾಗಿ ಹುಡುಕಿ ಬದಲಿಸಬೇಡಿ. ಕೆಲವು ಮಾಹಿತಿಯನ್ನು ಅದು ಅಕ್ಷರಗಳ ಎಣಿಕೆಯೊಂದಿಗೆ ಕಟ್ಟಿಟ್ಟಿರುತ್ತದೆ. ಹೆಸರಿನ ಉದ್ದ ಒಂದಕ್ಷರ ಹೆಚ್ಚುಕಡಿಮೆಯಾದರೂ ಎಣಿಕೆ ತಪ್ಪಿ ವಿಜೆಟ್, ಥೀಮ್ ಸೆಟ್ಟಿಂಗುಗಳು ಮಾಯವಾಗುತ್ತವೆ. ಮೊದಲು ಬ್ಯಾಕಪ್ ತೆಗೆಯಿರಿ, ವರ್ಡ್‌ಪ್ರೆಸ್‌ಗೆ ಆಜ್ಞೆ ಕೊಡುವ ಡಬ್ಲ್ಯುಪಿ-ಸಿಎಲ್‌ಐ ಎಂಬ ಸಾಧನದ ಸರ್ಚ್-ರಿಪ್ಲೇಸ್ ಆಜ್ಞೆಯನ್ನು ಡ್ರೈ ರನ್, ಅಂದರೆ ಏನನ್ನೂ ಬದಲಿಸದೆ ಬರೀ ತೋರಿಸುವ, ಆಯ್ಕೆಯೊಂದಿಗೆ ಓಡಿಸಿ, ಎಷ್ಟು ಕಡೆ ಬದಲಾಗುತ್ತದೆ ಎಂದು ನೋಡಿ, ಆಮೇಲೆ ನಿಜವಾಗಿ ಓಡಿಸಿ. ಹಳೆಯ ಡೊಮೈನಿನ ಪ್ರತಿ ದಾರಿಯೂ ಹೊಸದರ ಅದೇ ದಾರಿಗೆ 301 ಆಗಿ ಹೋಗಲಿ, ಎಲ್ಲವನ್ನೂ ಮುಖಪುಟಕ್ಕೆ ತಳ್ಳಬೇಡಿ. ಬ್ರೌಸರಿನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಪಟ್ಟಿಯಲ್ಲಿ 404 ಉಳಿದಿವೆಯೇ ಎಂದು ಹತ್ತಿಪ್ಪತ್ತು ಒಳಪುಟಗಳಲ್ಲಾದರೂ ನೋಡಿ. ರೀಡೈರೆಕ್ಟನ್ನು ಕನಿಷ್ಠ ಒಂದು ವರ್ಷ ಇಡಿ ಎಂದು ಗೂಗಲ್ ಹೇಳುತ್ತದೆ. ಹಳೆಯ ವಿಳಾಸ ಅಚ್ಚಾದ ಪ್ರಮಾಣಪತ್ರ, ಕರಪತ್ರಗಳು ಜನರ ಕೈಯಲ್ಲಿದ್ದರೆ ಒಂದು ವರ್ಷ ಸಾಲದು, ಆ ಡೊಮೈನನ್ನು ಪ್ರತಿ ವರ್ಷ ನವೀಕರಿಸುತ್ತಲೇ ಇರಿ. ಬಿಟ್ಟ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು, ಆಗ ನಿಮ್ಮ ಹಳೆಯ ಚೀಟಿ ಹಿಡಿದು ಬಂದವರು ಅವರ ಮನೆಗೆ ಹೋಗುತ್ತಾರೆ.